ಸರಪಳಿ ಸಾಲಿನಲ್ಲಿ ಮೊದಲ ಸರದಿ ಯಾರದು?

ಸಿ ಪ್ಲಸ್ ಪ್ಲಸ್ ಭಾಷೆಯನ್ನು ಕಟ್ಟಿದವರು ಬ್ಯಾರ್ನೆ ಸ್ಟ್ರೌಸ್ಟ್ರಪ್. ಆ ಭಾಷೆಯ ಬಗ್ಗೆ ಅವರೇ ಬರೆದ ಹೆಬ್ಬೊತ್ತಿಗೆಯ ನಾಲ್ಕನೇ ಆವೃತ್ತಿ 2013ರಲ್ಲಿ ಹೊರಬಂತು. ಅದರಲ್ಲಿ ಪಠ್ಯವೊಂದರ ಮೇಲೆ 'ರಿಪ್ಲೇಸ್' ಮೆಥಡ್ ಅನ್ನು ಒಂದರ ಬೆನ್ನಿಗೆ ಒಂದರಂತೆ ಕರೆಯುವ ಪುಟ್ಟ ಉದಾಹರಣೆಯೊಂದಿದೆ. ಓದಿದರೆ ಎಲ್ಲವೂ ಸರಿ. ಆದರೆ ಅಂದಿನ ನಿಯಮದ ಪ್ರಕಾರ ಆ ಸಾಲು ಸರಿಯಾದ ಉತ್ತರವನ್ನೇ ಕೊಡುತ್ತದೆ ಎಂಬ ಖಾತರಿ ಇರಲಿಲ್ಲ. ಅನೇಕ ಪರಿಣತರು ಓದಿ ನೋಡಿದ್ದರೂ ಈ ದೋಷ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಎಡವಟ್ಟು ಎಲ್ಲಿದೆ ಎಂದು ಹತ್ತಿರದಿಂದ ನೋಡೋಣ. 'ಆದರೆ ನಾಳೆ ಮಳೆ ಬರುತ್ತದೆ' ಎಂಬ ಪಠ್ಯವಿದೆ ಎನ್ನಿ. ಮೊದಲ ಕರೆ 'ಆದರೆ' ಮತ್ತು ಅದರ ಮುಂದಿನ ಖಾಲಿ ಜಾಗವನ್ನು ಅಳಿಸಬೇಕು. ಚುಕ್ಕಿ ಹಾಕಿ ಮುಂದುವರಿಸಿದ ಎರಡನೇ ಕರೆ, 'ಮಳೆ' ಇರುವ ಜಾಗವನ್ನು ಹುಡುಕಿ ಅಲ್ಲಿ 'ಬಿಸಿಲು' ಇಡಬೇಕು. ಲೆಕ್ಕ ಸುಲಭವಾಗಲೆಂದು ಅಕ್ಷರಕ್ಕೊಂದು ಸ್ಥಾನ ಕೊಟ್ಟು, ಸೊನ್ನೆಯಿಂದ ಎಣಿಸೋಣ. ಅಳಿಸಿದ ಮೇಲೆ ಹುಡುಕಿದರೆ 'ಮಳೆ' ಸಿಗುವುದು 3ನೇ ಸ್ಥಾನದಲ್ಲಿ. ಅಳಿಸುವ ಮೊದಲೇ ಹುಡುಕಿಟ್ಟುಕೊಂಡರೆ 7ನೇ ಸ್ಥಾನದಲ್ಲಿ. ಆ ಹಳೆಯ 7ನ್ನು ಹಿಡಿದು ಹೊಸ ಪಠ್ಯದಲ್ಲಿ ಎರಡು ಅಕ್ಷರ ಬದಲಿಸಿದರೆ ಸಿಗುವುದು 'ನಾಳೆ ಮಳೆ ಬಬಿಸಿಲುದೆ'!

ಕರೆಗಳ ಸರದಿಯಲ್ಲಿ ಯಾವ ಕಾಲದಲ್ಲೂ ಗೊಂದಲ ಇರಲಿಲ್ಲ. ಮೊದಲ ಕರೆ ಮುಗಿದು ಅದರ ಫಲ ಕೈಗೆ ಬರದೆ ಎರಡನೆಯದು ಶುರುವಾಗುವಂತೆಯೇ ಇಲ್ಲ. ಗೊಂದಲ ಇದ್ದದ್ದು ಎರಡನೇ ಕರೆಯ ಆವರಣದೊಳಗೆ ಕುಳಿತ ಆರ್ಗ್ಯುಮೆಂಟ್‌ನಲ್ಲಿ. ಅದನ್ನು ಮೊದಲ ಕರೆಗಿಂತ ಮುಂಚೆ ಲೆಕ್ಕ ಹಾಕಬೇಕೋ, ಆಮೇಲೋ? ಹಳೆಯ ನಿಯಮ ಅದನ್ನು ಕಂಪೈಲರ್‌ನ ಇಷ್ಟಕ್ಕೆ ಬಿಟ್ಟಿತ್ತು. ಸಿ ಭಾಷೆಯಿಂದ ಬಂದ ಬಳುವಳಿ ಇದು. ಕಂಪೈಲರ್ ತನಗೆ ಅನುಕೂಲವಾದ ಕ್ರಮದಲ್ಲಿ ವೇಗದ ಕೋಡ್ ತಯಾರಿಸಲಿ ಎಂಬುದು ಉದ್ದೇಶ. ಪರಿಣಾಮ ಮಾತ್ರ ವಿಪರೀತ: ಒಂದೇ ಸಾಲು ಒಂದು ಕಂಪೈಲರ್‌ನಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು, ಮತ್ತು ಎರಡೂ ನಿಯಮಬದ್ಧ.

ಜಾವಾ ಈ ರಗಳೆಯನ್ನು ಮೊದಲೇ ತಪ್ಪಿಸಿಕೊಂಡಿತು. ಅಲ್ಲಿ ಎಲ್ಲವೂ ಎಡದಿಂದ ಬಲಕ್ಕೆ ಎಂದು ನಿಯಮಾವಳಿಯೇ ಹೇಳುತ್ತದೆ. ಸಿ ಶಾರ್ಪ್‌ನಲ್ಲೂ ಹಾಗೆಯೇ. ಹಾಗಿದ್ದರೂ ಕೋಡ್ ಬರೆಯುವವರು ಈ ಕ್ರಮವನ್ನೇ ನೆಚ್ಚಿಕೊಳ್ಳದಿರುವುದು ಒಳ್ಳೆಯದು ಎಂದು ಜಾವಾದ ಅದೇ ನಿಯಮಾವಳಿ ಸಲಹೆ ಕೊಡುತ್ತದೆ. ನನಗೆ ಬಹಳ ಮೆಚ್ಚುಗೆಯಾದ ಸಲಹೆ ಇದು. ಕ್ರಮ ನಿಗದಿಯಾಗಿರುವುದು ಬೇರೆ, ಓದುವವರಿಗೆ ಅದು ಕಣ್ಣಿಗೆ ಕಾಣುವುದು ಬೇರೆ.

ಸಿ ಪ್ಲಸ್ ಪ್ಲಸ್‌ನಲ್ಲಿ ಬದಲಾವಣೆ ಬಂದದ್ದು 2017ರ ಮಾನಕದಲ್ಲಿ. ಗೇಬ್ರಿಯಲ್ ಡಾಸ್ ರೈಸ್, ಹರ್ಬ್ ಸಟ್ಟರ್, ಜೊನಾಥನ್ ಕೇವ್ಸ್ ಸೇರಿ ಮಂಡಿಸಿದ ಪ್ರಸ್ತಾವದಲ್ಲಿ ಸ್ಟ್ರೌಸ್ಟ್ರಪ್ ಪುಸ್ತಕದ ಆ ಉದಾಹರಣೆಯೇ ಮುಖ್ಯ ಸಾಕ್ಷಿ. ಈಗ ಚುಕ್ಕಿಯ ಎಡಗಡೆಯದು ಪೂರ್ತಿ ಮುಗಿದ ಮೇಲೆಯೇ ಬಲಗಡೆಯ ಆವರಣಕ್ಕೆ ಸರದಿ. ಆದರೆ ಒಂದೇ ಆವರಣದಲ್ಲಿ ಎರಡು ಮೂರು ಆರ್ಗ್ಯುಮೆಂಟ್‌ಗಳಿದ್ದರೆ ಅವುಗಳ ನಡುವೆ ಯಾವುದು ಮೊದಲು ಎಂಬುದು ಇಂದಿಗೂ ಕಂಪೈಲರ್‌ಗೆ ಬಿಟ್ಟದ್ದು. ಒಂದರ ಲೆಕ್ಕದ ನಡುವೆ ಇನ್ನೊಂದು ತೂರಿಕೊಳ್ಳುವಂತಿಲ್ಲ, ಅಷ್ಟೇ. ಇಲ್ಲೂ ಎಡದಿಂದ ಬಲಕ್ಕೆ ಎಂದು ಕಟ್ಟುಹಾಕಿಬಿಡಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅರ್ಧ ಕೊಟ್ಟ ಖಾತರಿಯಲ್ಲಿ ಉಳಿದರ್ಧ ಯಾವುದೆಂದು ಕೆಲಸದ ಒತ್ತಡದಲ್ಲಿರುವ ಎಂಜಿನಿಯರ್‌ಗೆ ನೆನಪಿರುವುದಿಲ್ಲ.

ಹೊಸ ನಿಯಮ ಬಂತೆಂದು ನಿರಾಳವಾಗಿ ಕೂರುವಂತಿಲ್ಲ. ಜಿಸಿಸಿ ಕಂಪೈಲರ್ 2017ರ ಮಾನಕವನ್ನು ತಾನಾಗಿ ಬಳಸತೊಡಗಿದ್ದು 2021ರಲ್ಲಿ ಬಂದ 11ನೇ ಆವೃತ್ತಿಯಿಂದ. 2011 ಅಥವಾ 2014ರ ಮಾನಕಕ್ಕೇ ಕಟ್ಟಿಟ್ಟ ಹಳೆಯ ಪ್ರಾಜೆಕ್ಟ್‌ಗಳಲ್ಲಿ ಹಳೆಯ ನಿಯಮವೇ ಜಾರಿಯಲ್ಲಿರುತ್ತದೆ. ನಿಮ್ಮ ಬಿಲ್ಡ್ ಫೈಲ್ ತೆರೆದು ಅಲ್ಲಿ ಯಾವ ಮಾನಕ ನಮೂದಾಗಿದೆ ಎಂದು ಒಮ್ಮೆ ನೋಡಿ. ಮೊದಲ ಕರೆ ಬದಲಿಸುವ ವಸ್ತುವನ್ನೇ ಎರಡನೇ ಕರೆಯ ಆವರಣ ಓದುತ್ತಿದ್ದರೆ ಆ ಸರಪಳಿಯನ್ನು ಅಲ್ಲೇ ತುಂಡರಿಸಿ, ಎರಡು ಸಾಲಾಗಿ ಬರೆಯಿರಿ.