ಹೆಲಿಕಾಪ್ಟರ್ ಬೇಕಾ? ಮೊದಲು ಗದ್ದೆ ನೋಡಿ

ನರಿಕೊಂಬು: ಪಾಣೆಮಂಗಳೂರು ಪೇಟೆಯಿಂದ ಒಳಗೆ ಹೊಕ್ಕರೆ ಅಡಿಕೆ, ತೆಂಗು, ನಡುವೆ ಅಲ್ಲೊಂದು ಇಲ್ಲೊಂದು ಗದ್ದೆ, ಆಚೆಗೆ ನೇತ್ರಾವತಿ. ಇಂಥ ಊರಿನ ಮೇಲೆ ಹೆಲಿಕಾಪ್ಟರ್ ಹಾರಿದರೆ ಮೊದಲೆಲ್ಲ ಯಾರೋ ಮಂತ್ರಿ ಬಂದರು ಎಂದೇ ಅರ್ಥ. ಈಗ ಹಾಗಲ್ಲ. ಹೆಲಿಕಾಪ್ಟರೇ ಅಂಗಳಕ್ಕೆ ಬರುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ, ಕೊರಿಯರಿನವನ ಕೈಯಲ್ಲಿ. ಇಲ್ಲವೇ ಗಲ್ಫಿನಿಂದ ರಜೆಗೆ ಬರುವ ಅಣ್ಣನ ಸೂಟ್‌ಕೇಸಿನಲ್ಲಿ.

ರಿಮೋಟಿನಿಂದ ಹಾರಿಸುವ ಈ ಮಾದರಿ ಹೆಲಿಕಾಪ್ಟರುಗಳ ಹುಚ್ಚು ಹತ್ತಿದವರಿಗೆ ಸಣ್ಣದು ಸಾಕಾಗುವುದಿಲ್ಲ. ದೊಡ್ಡದೇ ಬೇಕು. ಅದೂ ಕಮ್ಮಿಗೆ ಬೇಕು. ಮಾರುವವರಿಗೂ ಇದು ಚೆನ್ನಾಗಿ ಗೊತ್ತುಂಟು. ಹಾಗಾಗಿ ಪೆಟ್ಟಿಗೆಯ ಮೇಲೆ ‘ಅತಿ ದೊಡ್ಡದು’ ಎಂದು ಅಚ್ಚು ಹಾಕಿ, ಮೂತಿಯಿಂದ ಬಾಲದ ತುದಿವರೆಗಿನ ಉದ್ದವನ್ನು ಇಂಚಿನಲ್ಲಿ ಬರೆದುಬಿಡುತ್ತಾರೆ. ಬಾಲ ಉದ್ದ ಮಾಡುವುದಕ್ಕೆ ಖರ್ಚೇನು? ಒಂದು ಕೊಳವೆ. ಹಲ್ಲಿಯ ಬಾಲ ಅಳೆದು ಉಡ ಎಂದು ಮಾರಿದ ಹಾಗೆ! ಹೆಲಿಕಾಪ್ಟರಿನ ನಿಜವಾದ ಅಳತೆ ಮೇಲಿನ ರೆಕ್ಕೆಯದ್ದು. ಅದು ಎಷ್ಟಗಲ ಸುತ್ತುತ್ತದೆ ಎಂಬುದನ್ನು ಕೇಳಬೇಕು.

ಎರಡು ಮೂರು ಸಾವಿರ ರೂಪಾಯಿಗೆ ಸಿಗುವ ‘ದೊಡ್ಡ’ ಹೆಲಿಕಾಪ್ಟರುಗಳಲ್ಲಿ ಹೆಚ್ಚಿನವು ಒಂದರ ಮೇಲೊಂದು ಎರಡು ರೆಕ್ಕೆಗಳಿರುವ ಜಾತಿಯವು. ಮೇಲಿನದ್ದು ಒಂದು ಕಡೆಗೆ ತಿರುಗಿದರೆ ಕೆಳಗಿನದ್ದು ಇನ್ನೊಂದು ಕಡೆಗೆ. ಒಂದರ ತಿರುಚನ್ನು ಇನ್ನೊಂದು ಕಳೆಯುವುದರಿಂದ ಯಂತ್ರ ಗಿರಗಿರ ಸುತ್ತದೆ ನೆಟ್ಟಗೆ ಏಳುತ್ತದೆ. ಹಾಲ್‌ನಲ್ಲಿ ಹಾರಿಸಿದರೆ ಹತ್ತು ವರ್ಷದ ಹುಡುಗನೂ ಹತ್ತು ನಿಮಿಷದಲ್ಲಿ ಕಲಿಯುತ್ತಾನೆ. ಹೊರಗೆ ತಂದರೆ ಕಥೆ ಬೇರೆ. ಇದರ ಬಾಲದ ಪುಟ್ಟ ಫ್ಯಾನು ಬಾಲವನ್ನು ಮೇಲೆ ಎತ್ತಿದರೆ ಮುಂದಕ್ಕೆ ಹೋಗುತ್ತದೆ, ಇಳಿಸಿದರೆ ಹಿಂದಕ್ಕೆ. ಅಡ್ಡಕ್ಕೆ ಜರಗುವುದು ಎಂಬುದೇ ಅದಕ್ಕೆ ಗೊತ್ತಿಲ್ಲ. ಪೆಟ್ಟಿಗೆಯ ಮೇಲೆ ‘ಮೂರೂವರೆ ಚಾನೆಲ್’ ಎಂದು ಬರೆದಿರುತ್ತದಲ್ಲ, ಮೂರು ಅಂದರೆ ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡ-ಬಲ ತಿರುಗುವುದು. ಉಳಿದ ಅರ್ಧ ಹೆಚ್ಚಾಗಿ ಲೈಟು. ಲೈಟಿಗೂ ಅರ್ಧ ಲೆಕ್ಕ!

ಕಡಲ ಕಡೆಯ ಗಾಳಿ ಮಧ್ಯಾಹ್ನದ ಮೇಲೆ ಹೊಳೆಯ ಮೇಲಿಂದ ಬೀಸುವ ಊರಿದು. ಆ ಗಾಳಿಗೆ ಇಂಥ ಆಟಿಕೆ ಸಿಕ್ಕಿದರೆ ಹೋದದ್ದೇ. ಪಕ್ಕದ ತೋಟದ ಅಡಿಕೆ ಮರದ ತುದಿಯಲ್ಲಿ ಹುಡುಕಬೇಕು, ಇಲ್ಲವಾದರೆ ತುಂಬೆ ಅಣೆಕಟ್ಟಿನಲ್ಲಿ. ಬೆಳಿಗ್ಗೆ ಗಾಳಿ ಏಳುವ ಮೊದಲು ಹಾರಿಸುತ್ತೇವೆ, ಮಕ್ಕಳಿಗೆ ಖುಷಿಯಾದರೆ ಸಾಕು ಎನ್ನುವವರು ಇದನ್ನೇ ಕೊಳ್ಳಲಿ, ತಪ್ಪಿಲ್ಲ. ಆದರೆ ಐಎಸ್ಐ ಗುರುತು ನೋಡಿ ಕೊಳ್ಳಲಿ. 14 ವರ್ಷಕ್ಕಿಂತ ಕೆಳಗಿನ ಮಕ್ಕಳ ಆಟಿಕೆಗೆ ಆ ಗುರುತು 2021ರ ಜನವರಿ 1ರಿಂದ ಕಡ್ಡಾಯ. ಜಾತ್ರೆ ಸಂತೆಯಲ್ಲಿ ಅದನ್ನು ಕೇಳಿದರೆ ಅಂಗಡಿಯವ ಮುಖ ನೋಡುತ್ತಾನೆ ಎಂಬುದು ಬೇರೆ ಮಾತು. ಇನ್ನೊಂದು ಕೇಳಬೇಕಾದ್ದು ರಿಮೋಟಿನದ್ದು. ಹಳೆಯ 27 ಮೆಗಾಹರ್ಟ್ಸಿನ ಎರಡು ಆಟಿಕೆಗಳನ್ನು ಒಂದೇ ಅಂಗಳದಲ್ಲಿ ಹಾರಿಸಿದರೆ ತಮ್ಮನ ರಿಮೋಟಿಗೆ ಅಣ್ಣನ ಹೆಲಿಕಾಪ್ಟರ್ ಕುಣಿಯಬಹುದು. 2.4 ಗಿಗಾಹರ್ಟ್ಸಿನದ್ದಾದರೆ ಆ ಜಗಳ ಇಲ್ಲ.

ನಿಜವಾದ ಹೆಲಿಕಾಪ್ಟರಿನಂತೆ ಹಾರುವ ಮಾದರಿಯೇ ಬೇರೆ. ಜರ್ಮನಿಯ ಡೀಟರ್ ಷ್ಲೂಟರ್ ಎಂಬಾತ 1970ರ ಸುಮಾರಿಗೆ ಇಂಥದ್ದನ್ನು ಹಿಡಿತಕ್ಕೆ ತಂದು ಹಾರಿಸಿ ತೋರಿಸಿದ. ಮೇಲೆ ಒಂದೇ ಜತೆ ರೆಕ್ಕೆ, ಬಾಲದಲ್ಲಿ ಅಡ್ಡಕ್ಕೆ ಸಣ್ಣ ರೆಕ್ಕೆ. ಮೋಟಾರಿನ ವೇಗ ಹೆಚ್ಚುಕಮ್ಮಿ ಒಂದೇ. ರೆಕ್ಕೆಯ ಓರೆಯನ್ನು ಬದಲಿಸಿ ಏರಿಸುವುದು, ಇಳಿಸುವುದು. ಕನಿಷ್ಠ ಆರು ಚಾನೆಲ್ ಬೇಕು. ಇವುಗಳಿಗೆ 450, 550, 600, 700 ಎಂದು ಅಂಕಿಯ ಹೆಸರು. 600 ಅಂದರೆ ಒಂದು ರೆಕ್ಕೆಯ ಉದ್ದ ಸುಮಾರು 600 ಮಿಲಿಮೀಟರ್, 700 ಅಂದರೆ ಸುಮಾರು 700 ಎಂಬ ಲೆಕ್ಕ. 450ಕ್ಕೆ ಮಾತ್ರ ಈ ಲೆಕ್ಕ ಕೂಡಿ ಬರುವುದಿಲ್ಲ, ಅದರ ರೆಕ್ಕೆ 325 ಮಿಲಿಮೀಟರ್ ಅಷ್ಟೆ. ಅಂಕಿ ನೋಡಿ ಮೋಸ ಹೋಗುವವರು ಇಲ್ಲೇ ಹೋಗುವುದು. 450ರದ್ದು ಒಂದು ಕಿಲೋದೊಳಗೆ ತೂಗುತ್ತದೆ, 700ರದ್ದು ಐದು ಕಿಲೋದ ಆಸುಪಾಸು. ತೈವಾನಿನ ಅಲೈನ್ ಕಂಪೆನಿಯ ಟಿ-ರೆಕ್ಸ್, ಇಟಲಿಯ ಸ್ಯಾಬ್ ಕಂಪೆನಿಯ ಗಾಬ್ಲಿನ್ ಈ ಪಂಗಡದಲ್ಲಿ ಹೆಸರು ಮಾಡಿದವು.

ದೊಡ್ಡದರಲ್ಲಿ ಲಾಭ ಇಲ್ಲ ಎಂದಲ್ಲ. ದೊಡ್ಡದು ಗಾಳಿಗೆ ಅಷ್ಟಾಗಿ ಅಲುಗುವುದಿಲ್ಲ, ದೂರಕ್ಕೆ ಕಾಣುತ್ತದೆ, ಮೂತಿ ಎತ್ತ ಬಾಲ ಎತ್ತ ಎಂದು ಕಣ್ಣಿಗೆ ಗೊತ್ತಾಗುತ್ತದೆ. ಮೂತಿ ತನ್ನ ಕಡೆಗೆ ತಿರುಗಿದಾಗ ಎಡ ಬಲ ಅದಲು ಬದಲಾಗುವುದೇ ಹೊಸಬರ ಕಷ್ಟ. ಹಾಗಾದರೆ ದೊಡ್ಡದನ್ನೇ ಕೊಳ್ಳೋಣ ಎಂದರೆ, ಬೀಳುವುದೂ ದೊಡ್ಡದೇ ಅಲ್ಲವೇ ಮಾರಾಯ್ರೇ? ಒಮ್ಮೆ ಬಿದ್ದರೆ ರೆಕ್ಕೆ ಎರಡೂ ಹೋಯಿತು, ನಡುವಿನ ದಂಡ ಬಗ್ಗಿತು, ದೊಡ್ಡ ಹಲ್ಲಿನ ಚಕ್ರ ಸವೆಯಿತು, ಬಾಲದ ಕೊಳವೆ ಮುರಿಯಿತು. 450ರಲ್ಲಿ ಇದು ಸಾವಿರಗಳ ಲೆಕ್ಕ, 700ರಲ್ಲಿ ಹತ್ತು ಸಾವಿರಗಳ ಲೆಕ್ಕ. ಯಂತ್ರ, ರಿಮೋಟ್, ಬ್ಯಾಟರಿ, ಚಾರ್ಜರ್ ಎಲ್ಲ ಸೇರಿದರೆ 700ರದ್ದು ಹೇಗೂ ಲಕ್ಷ ದಾಟುತ್ತದೆ. ಬಿಡಿಭಾಗ ಸಿಗುವುದು ಬಿ.ಸಿ.ರೋಡಿನಲ್ಲಿ ಅಲ್ಲ, ಬೆಂಗಳೂರಿನಿಂದಲೋ ವಿದೇಶದಿಂದಲೋ ತರಿಸಬೇಕು. ಹಾಗಾಗಿ ಬೆಲೆ ಕೇಳುವ ಮೊದಲು ರೆಕ್ಕೆಯ ಬೆಲೆ, ದಂಡದ ಬೆಲೆ ಕೇಳುವವನೇ ಜಾಣ. ಬಿಡಿಭಾಗ ಸಿಗದ ಅಗ್ಗದ ಹೆಲಿಕಾಪ್ಟರ್ ಮೊದಲ ಬೀಳುವಿಕೆಗೆ ಕಪಾಟಿನ ಮೇಲಿನ ಅಲಂಕಾರ ವಸ್ತು.

ಇನ್ನು ಮೈ ಜುಂ ಎನ್ನಿಸುವ ಲೆಕ್ಕ. ಒಂದೂವರೆ ಮೀಟರ್ ಅಗಲದ ರೆಕ್ಕೆ ನಿಮಿಷಕ್ಕೆ 1800 ಸುತ್ತು ಹಾಕಿದರೆ ಅದರ ತುದಿಯ ವೇಗ ಗಂಟೆಗೆ 500 ಕಿಲೋಮೀಟರ್ ಮೀರುತ್ತದೆ. ತೋಟದಲ್ಲಿ ಹುಲ್ಲು ಕೊಚ್ಚುವ ಯಂತ್ರದ ಹತ್ತಿರ ಮಕ್ಕಳನ್ನು ಬಿಡದವರು ಇದರ ಬಳಿ ಬಿಡುತ್ತಾರಾ? 2013ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಉದ್ಯಾನವೊಂದರಲ್ಲಿ 19 ವರ್ಷದ ಯುವಕನೊಬ್ಬ ತಾನೇ ಹಾರಿಸುತ್ತಿದ್ದ ಇಂಥ ದೊಡ್ಡ ಹೆಲಿಕಾಪ್ಟರ್ ತಲೆಗೆ ಬಡಿದು ಸ್ಥಳದಲ್ಲೇ ಸತ್ತ. ಆತ ಹೊಸಬನಲ್ಲ, ಕಸರತ್ತು ತೋರಿಸುವಷ್ಟು ಪಳಗಿದವ. ಶಾಲಾ ಮೈದಾನದಲ್ಲಿ ಸುತ್ತ ಮಕ್ಕಳನ್ನು ನಿಲ್ಲಿಸಿಕೊಂಡು ಹಾರಿಸುವ ಆಸೆ ಇದ್ದವರು ಇದನ್ನು ಒಮ್ಮೆ ಓದಲಿ.

ನರಿಕೊಂಬಿನಲ್ಲಿ ಈ ಮಾತಿಗೆ ಇನ್ನೊಂದು ಬಾಲವೂ ಉಂಟು. ದೊಡ್ಡದನ್ನು ಕೊಂಡರೆ ತೋಟಕ್ಕೆ ಮದ್ದೂ ಬಿಡಬಹುದಲ್ಲ ಎಂಬ ಆಸೆ. ಈ ಆಸೆಗೆ ನಗುವಂತಿಲ್ಲ. ಮರ ಹತ್ತುವವರು ಸಿಗುವುದಿಲ್ಲ, ಸಿಕ್ಕಿದವರು ಮಳೆಗಾಲದ ಜಾರುವ ಮರದಿಂದ ಬಿದ್ದರೆ ಒಂದು ಸಂಸಾರವೇ ಬಿದ್ದಂತೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದೆಂದು ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್‌ಮನ್ ತೋರಿಸಿಕೊಟ್ಟು ನೂರು ವರ್ಷ ದಾಟಿತು. ಅವರ ವರದಿ 1910ರದ್ದು. ಮದ್ದು ಸಿಕ್ಕಿತು, ಅದನ್ನು ಗೊನೆಗೆ ಮುಟ್ಟಿಸುವ ಕಷ್ಟ ಹಾಗೇ ಉಳಿಯಿತು. ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಮದ್ದು ಬಿಡಲಾಗುತ್ತದೆ, ಆದರೂ ಕತ್ತು ಕೈ ಸೋಲುತ್ತದೆ.

ಜಪಾನಿನಲ್ಲಿ ಯಮಹಾ ಕಂಪೆನಿ ಇದೇ ಕೆಲಸಕ್ಕೆ 1987ರಲ್ಲಿ ಆರ್-50 ಎಂಬ ರಿಮೋಟ್ ಹೆಲಿಕಾಪ್ಟರ್ ತಂದಿತು. ಇಪ್ಪತ್ತು ಕಿಲೋ ಹೊರುತ್ತಿತ್ತು. 1997ರಲ್ಲಿ ಅದರ ತಮ್ಮ ಆರ್‌ಮ್ಯಾಕ್ಸ್ ಬಂತು. ಅಲ್ಲಿಯದು ಬತ್ತದ ಬಯಲು. ಮೇಲಿಂದ ಸುರಿದರೆ ಬೆಳೆಗೇ ಬೀಳುತ್ತದೆ. ನಮ್ಮ ಕೇರಳದ ರಬ್ಬರ್ ತೋಟಗಳಲ್ಲಿ ನಿಜವಾದ ಹೆಲಿಕಾಪ್ಟರಿನಿಂದಲೇ ತಾಮ್ರದ ಮದ್ದು ಸಿಂಪಡಿಸಿದ್ದುಂಟು. ಅಲ್ಲಿ ಕಾಯಬೇಕಾದ್ದು ಎಲೆಯನ್ನು. ಅಡಿಕೆಯಲ್ಲಿ ಕೊಳೆರೋಗ ಹಿಡಿಯುವ ಗೊನೆ ಇರುವುದು ಸೋಗೆಯ ಅಡಿಗೆ. ಮೇಲಿಂದ ಬಿಟ್ಟ ಮದ್ದಿಗೆ ಸೋಗೆಯೇ ಕೊಡೆ. ಎಲೆಚುಕ್ಕಿ ರೋಗಕ್ಕಾದರೆ ಮೇಲಿನ ಸಿಂಪಡಣೆ ಉಪಯೋಗಕ್ಕೆ ಬಂದೀತು.

ಆದರೂ ಆಟದ ಹೆಲಿಕಾಪ್ಟರಿಗೆ ಆ ಕೆಲಸ ಹಚ್ಚುವುದು ಶುದ್ಧ ದಂಡ. ಅದು ಬ್ಯಾಟರಿಯಲ್ಲಿ ಹಾರುವುದು ಐದರಿಂದ ಎಂಟು ನಿಮಿಷ. ಅದೂ ಬರಿಮೈಯಲ್ಲಿ. ಬೋರ್ಡೋ ದ್ರಾವಣ ಶೇಕಡಾ ಒಂದರದ್ದೆಂದರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತೋಟದವರು ಕಲಸುವುದು ಡ್ರಮ್ಮುಗಟ್ಟಲೆ. ಐದು ಕಿಲೋ ತೂಗುವ ಯಂತ್ರ ಲೀಟರೋ ಎರಡು ಲೀಟರೋ ಹೊತ್ತು ಎಷ್ಟು ಸಲ ಏರಿ ಇಳಿಯಬೇಕು? ಸುಣ್ಣ ನಳಿಕೆ ಕಟ್ಟುತ್ತದೆ, ಮೈಲುತುತ್ತು ಕಬ್ಬಿಣದ ಬೇರಿಂಗನ್ನು ತಿನ್ನುತ್ತದೆ. ಮದ್ದು ಬಿಡುವುದಕ್ಕೆಂದೇ ಹತ್ತು ಲೀಟರ್ ಟ್ಯಾಂಕಿನ ಕೃಷಿ ಡ್ರೋನುಗಳು ಇವೆ. ಅದನ್ನು ಕೊಳ್ಳುವುದಕ್ಕಿಂತ ಪರವಾನಗಿ ಇದ್ದವರನ್ನು ಬಾಡಿಗೆಗೆ ಕರೆಯುವುದು ಸಣ್ಣ ಹಿಡುವಳಿದಾರರಿಗೆ ಹೆಚ್ಚು ಲಾಭ.

ಕಾನೂನಿನ ಕಡೆಗೂ ಸ್ವಲ್ಪ ನೋಡಬೇಕು. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಹೆಲಿಕಾಪ್ಟರಿಗೂ ಅನ್ವಯ. ಆಟಕ್ಕೆ, ಕಲಿಕೆಗೆ ಮಾತ್ರ ಬಳಸುವ, ಕಣ್ಣಳವಿಯೊಳಗೆ ಹಾರಿಸುವ, 25 ಕಿಲೋ ಮೀರದ್ದನ್ನು ‘ಮಾದರಿ’ ಎಂದು ನಿಯಮ ಬೇರೆ ಮಾಡಿದೆ. ಅದಕ್ಕೆ ಮಾದರಿ ಪ್ರಮಾಣಪತ್ರದ ರಗಳೆ ಇಲ್ಲ. ಹಾಗೆಂದು ಎಲ್ಲಕ್ಕೂ ವಿನಾಯಿತಿ ಎಂದಲ್ಲ. ನೋಂದಣಿ ಮಾಡಿ ಗುರುತಿನ ಸಂಖ್ಯೆ ಪಡೆಯಬೇಕು. ಎರಡು ಕಿಲೋವರೆಗಿನದ್ದನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡ. ಐದು ಕಿಲೋದ 700 ಆ ಗೆರೆ ದಾಟಿತು ನೋಡಿ! ಬಜಪೆ ವಿಮಾನ ನಿಲ್ದಾಣದ ಗಡಿಯಿಂದ 12 ಕಿಲೋಮೀಟರಿನ ಒಳಗಾದರೆ ಕಟ್ಟುಪಾಡು ಹೆಚ್ಚು. ನರಿಕೊಂಬು ಅದರಾಚೆಗೆ. ಆದರೂ 400 ಅಡಿ ಮೀರುವಂತಿಲ್ಲ, ಸರಕಾರದ ನಕ್ಷೆಯನ್ನು ಪ್ರತಿ ಸಲ ನೋಡಿಯೇ ಹಾರಿಸಬೇಕು. ನಿಯಮ ಮೀರಿದರೆ ಒಂದು ಲಕ್ಷದವರೆಗೆ ದಂಡ.

ಇನ್ನು ಗಲ್ಫಿನ ಅಣ್ಣನ ಸೂಟ್‌ಕೇಸು. ಪೂರ್ತಿ ಜೋಡಿಸಿದ ಡ್ರೋನುಗಳ ಆಮದನ್ನು ಕೇಂದ್ರ ಸರಕಾರ 2022ರ ಫೆಬ್ರವರಿ 9ರಂದು ನಿಷೇಧಿಸಿತು. ಬರೇ ಆಟಕ್ಕೆಂದು ಮಾಡಿದ ಹಾರುವ ಆಟಿಕೆ ಸುಂಕದ ಪಟ್ಟಿಯಲ್ಲಿ ಬೇರೆ ಕಡೆ ಬರುತ್ತದೆ ನಿಜ. ಆದರೆ ಒಂದೂವರೆ ಮೀಟರ್ ರೆಕ್ಕೆಯದ್ದನ್ನು ಆಟಿಕೆ ಎಂದು ಬಜಪೆಯ ಕಸ್ಟಮ್ಸಿನವರಿಗೆ ಒಪ್ಪಿಸುವ ಕೆಲಸ ಅಣ್ಣನದ್ದು. ಬ್ಯಾಟರಿಯ ತಕರಾರು ಇನ್ನೊಂದು. ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲೇ ತರಬೇಕು. 100 ವಾಟ್-ಗಂಟೆ ದಾಟಿದರೆ ವಿಮಾನ ಕಂಪೆನಿಯ ಒಪ್ಪಿಗೆ ಬೇಕು, ಅದೂ ಎರಡಕ್ಕೆ ಮಾತ್ರ. 160 ದಾಟಿದರೆ ಇಲ್ಲವೇ ಇಲ್ಲ. 700ಕ್ಕೆ ಬೇಕಾದ 44.4 ವೋಲ್ಟಿನ, 5000 ಮಿಲಿಆಂಪ್-ಗಂಟೆಯ ಬ್ಯಾಟರಿ 222 ವಾಟ್-ಗಂಟೆ. ಎರಡು ತುಂಡಾಗಿ ತಂದರೂ ಒಂದೊಂದು 111.

ಹಾಗಾದರೆ ಕೊಳ್ಳುವುದು ಯಾವುದನ್ನು? ಹಾರಿಸಲು ಬಾರದವನಿಗೆ ಮೊದಲು ಬೇಕಾದ್ದು ಹೆಲಿಕಾಪ್ಟರೇ ಅಲ್ಲ, ಕಂಪ್ಯೂಟರಿನಲ್ಲಿ ಹಾರಿಸಿ ಕಲಿಯುವ ಸಿಮ್ಯುಲೇಟರ್ ಮತ್ತು ಅದಕ್ಕೆ ಸಿಕ್ಕಿಸಬಹುದಾದ ಒಳ್ಳೆಯ ರಿಮೋಟ್. ಅಲ್ಲಿ ನೂರು ಸಲ ಬಿದ್ದರೂ ನಯಾಪೈಸೆ ಖರ್ಚಿಲ್ಲ. ಅದೇ ರಿಮೋಟ್ ಮುಂದೆ ಯಾವ ಅಳತೆಯದ್ದಕ್ಕೂ ಬಂದೀತು, ಹಾಗಾಗಿ ದುಡ್ಡು ಸ್ವಲ್ಪ ಹೆಚ್ಚು ಹಾಕುವುದಾದರೆ ರಿಮೋಟಿಗೆ ಹಾಕಬೇಕು. ಎರಡು ಮೂರು ತಿಂಗಳು ಕಳೆದ ಮೇಲೆ ಒಂದು 450. ಅದರಲ್ಲಿ ಮೂತಿ ಎದುರು ಮಾಡಿ ನಿಲ್ಲಿಸಲು ಬಂದ ಮೇಲೆಯೇ 550 ಅಥವಾ 600ರ ಮಾತು. ಬೇಸತ್ತು ಬಿಟ್ಟವರು ಮಾರುವ ಹಳೆಯವು ಅರ್ಧ ಬೆಲೆಗೆ ಸಿಗುತ್ತವೆ. ಅಂಥವನ್ನು ಕೊಳ್ಳುವಾಗ ದಂಡವನ್ನು ಕೈಯಲ್ಲಿ ತಿರುಗಿಸಿ ಬಗ್ಗಿದೆಯೇ ನೋಡಬೇಕು, ಹಲ್ಲಿನ ಚಕ್ರವನ್ನು ಒಂದು ಸುತ್ತು ಪೂರ್ತಿ ಹಾಯಿಸಬೇಕು, ರೆಕ್ಕೆಯ ಬುಡದಲ್ಲಿ ಸೀಳು ಇದೆಯೇ ಬೆಳಕಿಗೆ ಹಿಡಿಯಬೇಕು. ಉಬ್ಬಿದ ಬ್ಯಾಟರಿಯನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಬಾರದು. ಅದು ಮನೆ ಸುಡುವ ವಸ್ತು. ಮೆಥನಾಲ್, ನೈಟ್ರೋಮೀಥೇನ್ ಬೆರೆಸಿದ ಎಣ್ಣೆಯಲ್ಲಿ ಓಡುವ ಇಂಜಿನ್ನಿನ ಮಾದರಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು, ಆ ಎಣ್ಣೆ ಎಲ್ಲಿಂದ ತರುವುದು ಎಂದು ಮೊದಲು ವಿಚಾರಿಸಲಿ. ಮೇಲ್ಕಾರಿನ ಪೆಟ್ರೋಲ್ ಬಂಕಿನಲ್ಲಿ ಅದು ಸಿಗುವುದಿಲ್ಲ.

ಹಾರಿಸುವ ಜಾಗವನ್ನು ಕೊಯ್ಲು ಮುಗಿದ ಗದ್ದೆಯಲ್ಲಿ ಹುಡುಕಬೇಕು. ವಿದ್ಯುತ್ ತಂತಿ ಹಾದುಹೋಗದ, ದಾರಿಹೋಕರು ಅಡ್ಡ ಬಾರದ, ಗದ್ದೆಯ ಯಜಮಾನರ ಒಪ್ಪಿಗೆ ಇರುವ ಗದ್ದೆ. ಅಂಥದ್ದು ಸಿಕ್ಕಿದರೂ ಬಳಕೆಗೆ ಬರುವುದು ಡಿಸೆಂಬರಿನಿಂದ ಮೇವರೆಗೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ನಾಲ್ಕು ತಿಂಗಳು ಯಂತ್ರ ಅಟ್ಟದಲ್ಲಿ. ಆಗ ಬೇರಿಂಗಿಗೆ ಎಣ್ಣೆ ಹಚ್ಚಿ, ಬ್ಯಾಟರಿಯನ್ನು ಪೂರ್ತಿ ತುಂಬಿಸದೆ, ಪೂರ್ತಿ ಬರಿದೂ ಮಾಡದೆ, ಒಂದೊಂದು ಸೆಲ್ಲಿಗೆ 3.8 ವೋಲ್ಟಿನಂತೆ ಇಟ್ಟು, ಕಬ್ಬಿಣದ ಡಬ್ಬಿಯಲ್ಲಿ ಅಡಿಕೆ ಚೀಲಗಳಿಂದ ದೂರ ಇಡಬೇಕು.