ನೆಲದೊಳಗಿನ ಸೋರಿಕೆ

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿಯ ನೀರು ೧೯೭೪ರಿಂದ ಹೋಗುತ್ತಿದೆ. ಇದು ತಾನಾಗಿ ಹರಿದು ಹೋಗುವ ನೀರಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಎಡೆಗಳಲ್ಲಿ ಯಂತ್ರಗಳು ಅದನ್ನು ಒಟ್ಟು ಸುಮಾರು ೫೦೦ ಮೀಟರು ಮೇಲೆತ್ತಿ, ಸುಮಾರು ೧೦೦ ಕಿಲೋಮೀಟರು ದೂರ ಸಾಗಿಸುತ್ತವೆ. ೨೦೨೪ರಲ್ಲಿ ಪ್ರಾರಂಭವಾದ ಐದನೆಯ ಹಂತವೊಂದರ ಪ್ರಮಾಣವೇ ದಿನಕ್ಕೆ ೭೭.೫ ಕೋಟಿ ಲೀಟರು.

ಸಾವಿರ ಲೀಟರು ನೀರನ್ನು ಅಷ್ಟೆತ್ತರಕ್ಕೆ ಏರಿಸಲು, ಯಂತ್ರದಲ್ಲಿ ಎಳ್ಳಷ್ಟೂ ನಷ್ಟವಿಲ್ಲವೆಂದು ಭಾವಿಸಿದರೂ, ೧.೩೬ ಯೂನಿಟ್ಟು ವಿದ್ಯುತ್ತು ಬೇಕು. ಆದಕಾರಣ ನಗರದ ಬೀದಿಯಡಿಯಲ್ಲಿ ನೀರು ಸೋರಿದರೆ ವಿದ್ಯುತ್ತೂ ಮಣ್ಣುಪಾಲಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯನ್ನು ನಂಬಿದ ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೂ ಆಧಾರ ಇದೇ ನದಿ ಎಂಬುದನ್ನು ನಗರವಾಸಿಗಳು ಮರೆಯಲಾಗದು.

ಕಣ್ಣಿಗೆ ಕಾಣದ ಸೋರಿಕೆಯನ್ನು ಪತ್ತೆಹಚ್ಚುವುದು ಹೇಗೆ? ಊರನ್ನು ಸಣ್ಣ ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ನೀರು ಒಳಹೋಗುವೆಡೆಯಲ್ಲಿ ಮೀಟರನ್ನಿಡಬೇಕು. ಜನರು ಮಲಗಿರುವ ರಾತ್ರಿ ೨ರಿಂದ ೪ ಗಂಟೆಯೊಳಗೆ, ತೊಟ್ಟಿಗಳಿಗೆ ತುಂಬುವುದನ್ನು ಕಳೆದ ಮೇಲೂ ಹರಿವು ಉಳಿದರೆ, ಅದು ಬಹುಮಟ್ಟಿಗೆ ಸೋರಿಕೆಯೇ. ಬಳಿಕ ಕಿವಿಯ ಕೆಲಸ. ರಂಧ್ರದಿಂದ ನುಗ್ಗುವ ನೀರು ಸದ್ದುಮಾಡುತ್ತದೆ. ಕೊಳಾಯಿಯ ಎರಡು ಎಡೆಗಳಲ್ಲಿ ಶ್ರವಣಯಂತ್ರಗಳನ್ನಿಟ್ಟು, ಸದ್ದು ಒಂದಕ್ಕಿಂತ ಇನ್ನೊಂದನ್ನು ಎಷ್ಟು ತಡವಾಗಿ ಮುಟ್ಟಿತೆಂದು ಅಳೆದರೆ, ಅಗೆಯಬೇಕಾದ ಸ್ಥಳವು ಗೊತ್ತಾಗುತ್ತದೆ.

ಒತ್ತಡವನ್ನು ತಗ್ಗಿಸುವುದೂ ಒಂದು ಚಿಕಿತ್ಸೆ. ಗಟ್ಟಿ ಕೊಳಾಯಿಯಲ್ಲಿ ಒತ್ತಡವು ಕಾಲುಭಾಗಕ್ಕಿಳಿದರೆ ರಂಧ್ರದ ಸೋರಿಕೆಯು ಅರ್ಧಕ್ಕಿಳಿಯುತ್ತದೆ.

ಗೃಹಸ್ಥರ ಪಾಲೂ ಉಂಟು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಸುಮಾರು ೪ ಲೀಟರು ಪೋಲಾಗುತ್ತದೆ. ತೊಟ್ಟಿ ತುಂಬಿದ ಮೇಲೆ ನಲ್ಲಿಗಳನ್ನೆಲ್ಲ ಮುಚ್ಚಿ, ಮಲಗುವ ಮುನ್ನ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಅದು ಮುಂದೆ ಸರಿದಿದ್ದರೆ, ಸೋರಿಕೆಯು ನಿಮ್ಮ ಮನೆಯಲ್ಲಿಯೇ ಇದೆಯೆಂದು ತಿಳಿಯತಕ್ಕದ್ದು.