ಶುಶ್ರೂಷಾ ವೃತ್ತಿಯಲ್ಲಿ ಒತ್ತಡ ಮತ್ತು ವೃತ್ತಿಬಳಲಿಕೆ

ವೃತ್ತಿಬಳಲಿಕೆ (ಬರ್ನ್‌ಔಟ್) ಎಂದರೆ ಕೆಲಸದ ಸ್ಥಳದಲ್ಲಿ ದೀರ್ಘಕಾಲ ಮುಂದುವರಿದ ಒತ್ತಡವನ್ನು ಸಮರ್ಪಕವಾಗಿ ನಿಭಾಯಿಸಲಾಗದಿದ್ದಾಗ ಉಂಟಾಗುವ ದೈಹಿಕ ಮತ್ತು ಮಾನಸಿಕ ಬಳಲಿಕೆಯ ಸ್ಥಿತಿ. ರೋಗಿಗಳ ನೋವು, ಸಾವು, ತುರ್ತು ಪರಿಸ್ಥಿತಿ ಹಾಗೂ ರಾತ್ರಿ ಪಾಳಿಗಳ ನಡುವೆ ದುಡಿಯುವ ದಾದಿಯರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ವಿಶ್ರಾಂತಿ, ವ್ಯಾಯಾಮ, ಆಪ್ತರೊಡನೆ ಮಾತುಕತೆ ಮುಂತಾದ ವೈಯಕ್ತಿಕ ಉಪಾಯಗಳು ಒತ್ತಡವನ್ನು ತಗ್ಗಿಸಲು ನೆರವಾಗುತ್ತವೆ. ಆದರೆ ವೃತ್ತಿಬಳಲಿಕೆಯ ಮೂಲವು ಬಹುಮಟ್ಟಿಗೆ ಕೆಲಸದ ಏರ್ಪಾಡಿನಲ್ಲಿಯೇ ಇರುವುದರಿಂದ, ಪರಿಹಾರವೂ ಸಿಬ್ಬಂದಿ ಸಂಖ್ಯೆ, ಪಾಳಿ ವ್ಯವಸ್ಥೆ, ಸುರಕ್ಷತೆ ಮತ್ತು ವೇತನಗಳಿಗೆ ಸಂಬಂಧಿಸಿದ್ದಾಗಿದೆ.

ಪರಿಭಾಷೆ

ಕೆಲಸಕ್ಕೆ ಸಂಬಂಧಿಸಿದ ಬಳಲಿಕೆಯನ್ನು ಸೂಚಿಸಲು 'ಬರ್ನ್‌ಔಟ್' ಎಂಬ ಪದವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಬಳಸಿದರು. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದರ ಪ್ರಕಾರ ವೃತ್ತಿಬಳಲಿಕೆಗೆ ಮೂರು ಮುಖಗಳಿವೆ:

- ಭಾವನಾತ್ಮಕ ಬಳಲಿಕೆ: ಇತರರಿಗೆ ಕೊಡಲು ತನ್ನಲ್ಲಿ ಏನೂ ಉಳಿದಿಲ್ಲವೆಂಬ ಅನುಭವ.
- ನಿರ್ಲಿಪ್ತತೆ: ರೋಗಿಯನ್ನು ವ್ಯಕ್ತಿಯಾಗಿ ಕಾಣದೆ, ಹಾಸಿಗೆಯ ಸಂಖ್ಯೆಯಾಗಿ ಅಥವಾ ಕಾಯಿಲೆಯ ಹೆಸರಾಗಿ ಕಾಣುವ ಪ್ರವೃತ್ತಿ.
- ಸಾಧನೆಯ ಭಾವ ಕುಗ್ಗುವುದು: ತಾನು ಮಾಡುವ ಕೆಲಸದಿಂದ ಪ್ರಯೋಜನವಿಲ್ಲ ಎಂಬ ನಂಬಿಕೆ ಬಲಿಯುವುದು.

ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಅಂತರರಾಷ್ಟ್ರೀಯ ರೋಗವರ್ಗೀಕರಣದ 11ನೆಯ ಪರಿಷ್ಕರಣೆಯಲ್ಲಿ ವೃತ್ತಿಬಳಲಿಕೆಯನ್ನು ಉದ್ಯೋಗ ಸಂಬಂಧಿ ವಿದ್ಯಮಾನವೆಂದು ಗುರುತಿಸಿದೆ. ಅದನ್ನು ರೋಗವೆಂದು ವರ್ಗೀಕರಿಸಿಲ್ಲ. ಈ ಪರಿಷ್ಕರಣೆಯು 2022ರ ಜನವರಿಯಿಂದ ಜಾರಿಗೆ ಬಂದಿತು.

ಇದಕ್ಕೆ ಹತ್ತಿರವಾದ ಇತರ ಪರಿಕಲ್ಪನೆಗಳೂ ಬಳಕೆಯಲ್ಲಿವೆ. ಇತರರ ನೋವನ್ನು ಸತತವಾಗಿ ಕಂಡು ಮನಸ್ಸು ಮರಗಟ್ಟುವುದನ್ನು 'ಅನುಕಂಪದ ದಣಿವು' ಎನ್ನುತ್ತಾರೆ. ಸರಿಯಾದುದು ಯಾವುದೆಂದು ತಿಳಿದಿದ್ದರೂ ಸಂಸ್ಥೆಯ ಇತಿಮಿತಿಗಳಿಂದಾಗಿ ಅದನ್ನು ಮಾಡಲಾಗದೆ ಪಡುವ ಸಂಕಟವನ್ನು ಆಂಡ್ರ್ಯೂ ಜೇಮ್ಟನ್ 1984ರಲ್ಲಿ 'ನೈತಿಕ ಸಂಕಟ' ಎಂದು ಕರೆದರು. ಚಿಕಿತ್ಸೆಯಲ್ಲಿ ಆದ ತಪ್ಪಿನಿಂದ ತೀವ್ರ ಪಶ್ಚಾತ್ತಾಪಕ್ಕೆ ಒಳಗಾಗುವ ಆರೋಗ್ಯ ಸಿಬ್ಬಂದಿಯನ್ನು ಆಲ್ಬರ್ಟ್ ವೂ 2000ದಲ್ಲಿ 'ಎರಡನೆಯ ಬಲಿಪಶು' ಎಂದು ಬಣ್ಣಿಸಿದರು.

ಲಕ್ಷಣಗಳು

ಒತ್ತಡವು ಸಾಮಾನ್ಯವಾಗಿ ತಾತ್ಕಾಲಿಕ. ಕಷ್ಟದ ಪಾಳಿ ಮುಗಿದು ಸಾಕಷ್ಟು ನಿದ್ರೆ ದೊರೆತರೆ ಅದು ಇಳಿಯುತ್ತದೆ. ವೃತ್ತಿಬಳಲಿಕೆಯಲ್ಲಿ ವಾರದ ರಜೆಯ ನಂತರವೂ ದಣಿವು ಉಳಿಯುತ್ತದೆ. ನಿದ್ರಾಹೀನತೆ, ತಲೆನೋವು, ಬೆನ್ನುನೋವು, ಜೀರ್ಣಕ್ರಿಯೆಯ ತೊಂದರೆ, ಸಣ್ಣ ವಿಷಯಕ್ಕೂ ಸಿಡುಕುವುದು, ಕೆಲಸಕ್ಕೆ ಹೊರಡುವ ಮುನ್ನ ಆತಂಕ, ರೋಗಿಯ ಸಂಬಂಧಿಕರೊಡನೆ ಮಾತನಾಡಲು ಹಿಂಜರಿಕೆ, ಪದೇಪದೇ ರಜೆ ಹಾಕುವುದು ಇದರ ಸಾಮಾನ್ಯ ಲಕ್ಷಣಗಳು. ಎಲ್ಲದರಲ್ಲೂ ಆಸಕ್ತಿ ಕಳೆದುಕೊಳ್ಳುವುದು, ಸದಾ ದುಃಖ ಅಥವಾ ಬದುಕು ಬೇಡವೆನ್ನುವ ಯೋಚನೆ ಕಾಣಿಸಿದರೆ ಅದು ಖಿನ್ನತೆಯ ಸೂಚನೆಯಾಗಿರಬಹುದು. ಆಗ ತಡಮಾಡದೆ ಮನೋವೈದ್ಯರ ನೆರವು ಪಡೆಯುವುದು ಅಗತ್ಯ.

ಕಾರಣಗಳು

ರೋಗಿಗಳ ಸಂಖ್ಯೆ

ವೃತ್ತಿಬಳಲಿಕೆಯ ಕಾರಣಗಳಲ್ಲಿ ಅತಿ ಹೆಚ್ಚು ಅಧ್ಯಯನಕ್ಕೊಳಗಾದವುಗಳಲ್ಲಿ ಒಂದು, ಒಬ್ಬ ದಾದಿಯ ಪಾಲಿಗೆ ಬರುವ ರೋಗಿಗಳ ಸಂಖ್ಯೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಆಸ್ಪತ್ರೆಗಳನ್ನು ಕುರಿತು ಲಿಂಡಾ ಐಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ದಾದಿಗೆ ಒಬ್ಬ ರೋಗಿ ಹೆಚ್ಚಾದಂತೆ ದಾದಿಯರಲ್ಲಿ ವೃತ್ತಿಬಳಲಿಕೆಯ ಸಂಭವ 23%, ಶಸ್ತ್ರಚಿಕಿತ್ಸೆಗೊಳಗಾದ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ 7% ಹೆಚ್ಚುತ್ತಿದ್ದುದು ಕಂಡುಬಂದಿತು. ದಾದಿಯರ ಬಳಲಿಕೆ ರೋಗಿಗಳ ಸುರಕ್ಷತೆಯ ಪ್ರಶ್ನೆಯೂ ಹೌದು ಎಂಬುದನ್ನು ಈ ಅಧ್ಯಯನ ಸ್ಪಷ್ಟಪಡಿಸಿತು. ಕ್ಯಾಲಿಫೋರ್ನಿಯಾ ರಾಜ್ಯವು 1999ರಲ್ಲಿ ದಾದಿ–ರೋಗಿ ಅನುಪಾತವನ್ನು ನಿಗದಿಪಡಿಸುವ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತು.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ದಾದಿ ಇರಬೇಕು; ರಜೆಗಳಿಗಾಗಿ 30% ಹೆಚ್ಚುವರಿ ಹುದ್ದೆಗಳಿರಬೇಕು. ಇಂತಹ ಅನುಪಾತವನ್ನು ಓದುವಾಗ ಅದು ಒಟ್ಟು ಹುದ್ದೆಗಳ ಲೆಕ್ಕವೋ, ಒಂದು ಪಾಳಿಯ ಲೆಕ್ಕವೋ ಎಂಬುದನ್ನು ಗಮನಿಸಬೇಕಾಗುತ್ತದೆ. 30 ಹಾಸಿಗೆಗಳ ವಾರ್ಡಿಗೆ ಒಟ್ಟು 10 ದಾದಿಯರಿದ್ದರೆ ಕಾಗದದ ಮೇಲೆ ಅನುಪಾತ 1:3. ಅವರನ್ನು ಮೂರು ಪಾಳಿಗಳಿಗೆ ಹಂಚಿದಾಗ ಪ್ರತಿ ಪಾಳಿಯಲ್ಲಿ ಅದು 1:9 ಆಗುತ್ತದೆ. ವಾರದ ರಜೆ, ರಾತ್ರಿ ಪಾಳಿಯ ನಂತರದ ವಿರಾಮ, ಹೆರಿಗೆ ರಜೆ ಮತ್ತು ಖಾಲಿ ಹುದ್ದೆಗಳನ್ನು ಕಳೆದರೆ ವಾಸ್ತವದ ಹೊರೆ ಇನ್ನೂ ಹೆಚ್ಚುತ್ತದೆ.

ಪಾಳಿ ಮತ್ತು ನಿದ್ರೆ

ಆಸ್ಪತ್ರೆಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ ಮತ್ತು ರಾತ್ರಿ ಎಂದು ಮೂರು ಪಾಳಿಗಳಿರುವುದು ಸಾಮಾನ್ಯ. ಅನೇಕ ಕಡೆ ರಾತ್ರಿ ಪಾಳಿ 12 ಗಂಟೆಗಳಷ್ಟು ದೀರ್ಘವಾಗಿರುತ್ತದೆ. ದೇಹದ ಆಂತರಿಕ ಗಡಿಯಾರಕ್ಕೆ ವಿರುದ್ಧವಾಗಿ ಎಚ್ಚರವಿರುವುದರಿಂದ ಹಗಲು ನಿದ್ರೆ ಗಾಢವಾಗುವುದಿಲ್ಲ. ಮನೆಗೆ ಮರಳಿದ ಮಹಿಳೆಗೆ ಅಡುಗೆ, ಮಕ್ಕಳ ಶಾಲೆ, ಹಿರಿಯರ ಆರೈಕೆ ಕಾದಿರುವುದರಿಂದ ಅಷ್ಟು ನಿದ್ರೆಯೂ ದೊರೆಯದೆ ಹೋಗಬಹುದು.

ಭಾವನಾತ್ಮಕ ದುಡಿಮೆ

ಒಂದು ಹಾಸಿಗೆಯಲ್ಲಿ ಸಾವು ಸಂಭವಿಸಿದ ಕೆಲವೇ ನಿಮಿಷಗಳಲ್ಲಿ ಪಕ್ಕದ ಹಾಸಿಗೆಯ ರೋಗಿಯೊಡನೆ ದಾದಿ ಸಮಾಧಾನದಿಂದ ಮಾತನಾಡಬೇಕಾಗುತ್ತದೆ. ತನ್ನ ಭಾವನೆಯನ್ನು ಅದುಮಿಟ್ಟು ಕೆಲಸಕ್ಕೆ ತಕ್ಕ ಮುಖಭಾವವನ್ನು ತೋರುವ ಈ ಶ್ರಮವನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ 'ಭಾವನಾತ್ಮಕ ದುಡಿಮೆ' ಎಂದು ಹೆಸರಿಸಿದರು. ಶುಶ್ರೂಷೆಯನ್ನು ಕೇವಲ ತ್ಯಾಗ, ತಾಳ್ಮೆ, ಮಾತೃಭಾವಗಳ ರೂಪದಲ್ಲಿ ಹೊಗಳುವ ರೂಢಿಯಿಂದಾಗಿ ದಣಿದ ದಾದಿ ತನ್ನ ದಣಿವನ್ನು ಹೇಳಿಕೊಳ್ಳಲು ಸಂಕೋಚಪಡುವುದುಂಟು.

ಹಿಂಸೆ ಮತ್ತು ಅಸುರಕ್ಷತೆ

ರೋಗಿಯ ಸ್ಥಿತಿ ಬಿಗಡಾಯಿಸಿದಾಗ ಸಂಬಂಧಿಕರ ಕೋಪಕ್ಕೆ ಮೊದಲು ಎದುರಾಗುವವರು ವಾರ್ಡಿನಲ್ಲಿರುವ ದಾದಿಯರು. ಕೆಲಸದ ಸ್ಥಳದಲ್ಲಿನ ಅಸುರಕ್ಷತೆಗೆ ಅತ್ಯಂತ ಪರಿಚಿತ ಉದಾಹರಣೆ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರಾದ ಅರುಣಾ ಶಾನಭಾಗ್ ಅವರ ಪ್ರಕರಣ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅಲ್ಲಿನ ನೌಕರನೊಬ್ಬ ಲೈಂಗಿಕ ದೌರ್ಜನ್ಯವೆಸಗಿದನು. ಮಿದುಳಿಗೆ ಹಾನಿಯಾಗಿ ಪ್ರಜ್ಞಾಶೂನ್ಯ ಸ್ಥಿತಿಗೆ ಜಾರಿದ ಅವರನ್ನು ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ, 2015ರ ಮೇ 18ರಂದು ಅವರು ನಿಧನರಾಗುವವರೆಗೂ ನೋಡಿಕೊಂಡರು.

ವೇತನ ಮತ್ತು ಉದ್ಯೋಗದ ಅಭದ್ರತೆ

ಒಂದೇ ವಾರ್ಡಿನಲ್ಲಿ ಒಂದೇ ಬಗೆಯ ಕೆಲಸ ಮಾಡುವ ಕಾಯಂ ಮತ್ತು ಗುತ್ತಿಗೆ ದಾದಿಯರ ನಡುವೆ ವೇತನ, ರಜೆ ಹಾಗೂ ಭದ್ರತೆಗಳಲ್ಲಿ ಅಂತರವಿರುತ್ತದೆ. ಗುತ್ತಿಗೆ ನವೀಕರಣದ ಚಿಂತೆಯು ಕೆಲಸದ ಒತ್ತಡದ ಜೊತೆಗೆ ಸೇರಿಕೊಳ್ಳುತ್ತದೆ. ಸಣ್ಣ ಖಾಸಗಿ ಆಸ್ಪತ್ರೆಗಳಲ್ಲಿ ಕಡಿಮೆ ವೇತನವು ಬಹುಕಾಲದ ದೂರಾಗಿದೆ.

ತಾಲ್ಲೂಕು ಮತ್ತು ಗ್ರಾಮೀಣ ಸಂದರ್ಭ

ದಾದಿಯರ ಬಳಲಿಕೆಯ ಚರ್ಚೆ ಹೆಚ್ಚಾಗಿ ಮಹಾನಗರಗಳ ತೀವ್ರ ನಿಗಾ ಘಟಕಗಳ ಸುತ್ತ ನಡೆಯುತ್ತದೆ. ಹಾವೇರಿ ಜಿಲ್ಲೆಯ ಹಿರೇಕೆರೂರಿನಂತಹ ಕೃಷಿಪ್ರಧಾನ ತಾಲ್ಲೂಕುಗಳಲ್ಲಿ ಇದರ ಸ್ವರೂಪ ಭಿನ್ನ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ಮತ್ತು ಹತ್ತಿ ಪ್ರಮುಖ ಬೆಳೆಗಳು. ಇಂತಹ ಪ್ರದೇಶದ ತಾಲ್ಲೂಕು ಆಸ್ಪತ್ರೆಗೆ ಹೆರಿಗೆ, ಅಪಘಾತ, ಮಳೆಗಾಲದ ಹಾವು ಕಡಿತ, ಕೀಟನಾಶಕ ಸೇವನೆ ಮುಂತಾದ ತುರ್ತು ಪ್ರಕರಣಗಳು ಹಗಲುರಾತ್ರಿಯೆನ್ನದೆ ಬರುತ್ತವೆ.

ಈ ಪ್ರಕರಣಗಳ ವಿಶೇಷವೆಂದರೆ ಪ್ರತಿಯೊಂದೂ ದಾದಿಯ ನಿರಂತರ ಗಮನವನ್ನು ಬೇಡುತ್ತದೆ. ಆರ್ಗನೋಫಾಸ್ಫರಸ್ ಕೀಟನಾಶಕ ಸೇವಿಸಿದ ರೋಗಿಗೆ ಅಟ್ರೊಪಿನ್ ಕೊಡುವಾಗ ನಾಡಿಬಡಿತ, ಕಣ್ಣಪಾಪೆ, ಎದೆಯ ಶಬ್ದ ಮತ್ತು ಬೆವರನ್ನು ಕೆಲವೇ ನಿಮಿಷಗಳ ಅಂತರದಲ್ಲಿ ನೋಡುತ್ತಿರಬೇಕು. ಹಾವಿನ ವಿಷಕ್ಕೆ ಪ್ರತಿವಿಷ ಹಾಕಿದಾಗ ಅಲರ್ಜಿಯ ಪ್ರತಿಕ್ರಿಯೆ ಕಾಣಿಸೀತೆಂದು ಆರಂಭದಲ್ಲಿ ಪಕ್ಕದಲ್ಲೇ ನಿಲ್ಲಬೇಕು. ಹೆರಿಗೆ ನೋವಿನಲ್ಲಿರುವ ಗರ್ಭಿಣಿಯ ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ ದಾಖಲಿಸಬೇಕು. ರಾತ್ರಿ ಪಾಳಿಯಲ್ಲಿ ಒಬ್ಬಿಬ್ಬರೇ ಇದ್ದು ಇವುಗಳಲ್ಲಿ ಎರಡು ಒಟ್ಟಿಗೆ ಬಂದರೆ, ಯಾರ ಬಳಿ ನಿಲ್ಲಬೇಕೆಂಬ ಆಯ್ಕೆಯೇ ನೈತಿಕ ಸಂಕಟವಾಗುತ್ತದೆ.

ಚಿಕ್ಕ ಊರುಗಳಲ್ಲಿ ರೋಗಿ ಮತ್ತು ದಾದಿ ಪರಸ್ಪರ ಪರಿಚಿತರಾಗಿರುವುದು ಸಾಮಾನ್ಯ. ಮೃತಪಟ್ಟ ರೋಗಿಯ ಮನೆಯವರನ್ನು ಸಂತೆಯಲ್ಲಿ, ಜಾತ್ರೆಯಲ್ಲಿ, ಮಕ್ಕಳ ಶಾಲೆಯಲ್ಲಿ ಮತ್ತೆ ಎದುರಿಸಬೇಕಾಗುತ್ತದೆ. ಇದೇ ಪರಿಚಯವು ಆಸರೆಯೂ ಆಗಬಲ್ಲದು: ತಾನು ಹೆರಿಗೆ ಮಾಡಿಸಿದ ಮಗು ಬೆಳೆಯುವುದನ್ನು ಕಾಣುವುದು, ಜನರು ಗುರುತಿಸಿ ಮಾತನಾಡಿಸುವುದು ಕೆಲಸದ ಸಾರ್ಥಕತೆಯನ್ನು ಉಳಿಸುತ್ತವೆ.

ಉಪಕೇಂದ್ರಗಳ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯರಿಗೆ (ಈಗಿನ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು) ಬೇರೆ ಬಗೆಯ ಹೊರೆಯಿದೆ. ಬಯಲು ಪ್ರದೇಶದಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರವೆಂಬುದು ರಾಷ್ಟ್ರೀಯ ಮಾನದಂಡ. ಲಸಿಕೆ, ಗರ್ಭಿಣಿಯರ ನೋಂದಣಿ, ಬಾಣಂತಿಯರ ಮನೆಭೇಟಿ, ಸಮೀಕ್ಷೆಗಳ ಜೊತೆಗೆ ಅದೇ ಮಾಹಿತಿಯನ್ನು ಪುಸ್ತಕಗಳಲ್ಲೂ ಜಾಲತಾಣಗಳಲ್ಲೂ ತುಂಬಬೇಕಾದುದು ಅವರ ದಿನದ ದೊಡ್ಡ ಪಾಲನ್ನು ತೆಗೆದುಕೊಳ್ಳುತ್ತದೆ.

ಕೋವಿಡ್-19ರ ಕಾಲ

ವಿಶ್ವ ಆರೋಗ್ಯ ಸಂಸ್ಥೆಯು 2020ನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಘೋಷಿಸಿತ್ತು. ಅದೇ ವರ್ಷ ಕೋವಿಡ್-19 ಸಾಂಕ್ರಾಮಿಕವು ಜಗತ್ತನ್ನು ವ್ಯಾಪಿಸಿತು. ರಕ್ಷಣಾ ಉಡುಪಿನೊಳಗೆ ಗಂಟೆಗಟ್ಟಲೆ ನೀರು ಕುಡಿಯದೆ, ಶೌಚಾಲಯಕ್ಕೂ ಹೋಗದೆ ದುಡಿಯುವುದು, ಮನೆಯವರಿಗೆ ಸೋಂಕು ತಗುಲೀತೆಂಬ ಭಯ, ಬಂಧುಗಳಿಲ್ಲದೆ ಸಾಯುವ ರೋಗಿಗಳ ಬಳಿ ನಿಲ್ಲಬೇಕಾದ ಸ್ಥಿತಿ ದಾದಿಯರ ಒತ್ತಡವನ್ನು ಹೆಚ್ಚಿಸಿದವು. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗಳನ್ನು ತಡೆಯಲು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ತರಲಾಯಿತು. ತೀವ್ರ ಗಾಯವಾದ ಪ್ರಕರಣಗಳಲ್ಲಿ 7 ವರ್ಷಗಳವರೆಗೆ ಸೆರೆವಾಸ ವಿಧಿಸಲು ಇದರಲ್ಲಿ ಅವಕಾಶವಿದೆ.

ನಿಭಾಯಿಸುವ ಕ್ರಮಗಳು

ವೈಯಕ್ತಿಕ ಮಟ್ಟ

- ರಾತ್ರಿ ಪಾಳಿಯ ನಂತರ ಕತ್ತಲೆಯ, ಸದ್ದಿಲ್ಲದ ಕೋಣೆಯಲ್ಲಿ ನಿದ್ರಿಸುವುದು. ಪಾಳಿಯ ಕೊನೆಯ ಗಂಟೆಗಳಲ್ಲಿ ಚಹಾ, ಕಾಫಿಯನ್ನು ತಪ್ಪಿಸುವುದು.
- ಪಾಳಿಯ ನಡುವೆ ಊಟ ಮತ್ತು ನೀರಿಗೆ ಸಮಯ ಮೀಸಲಿಡುವುದು.
- ನಡಿಗೆ, ಯೋಗ, ದೀರ್ಘ ಉಸಿರಾಟದಂತಹ ಅಭ್ಯಾಸಗಳನ್ನು ರೂಢಿಸಿಕೊಳ್ಳುವುದು.
- ಮನಸ್ಸಿಗೆ ಹತ್ತಿದ ಪ್ರಕರಣವನ್ನು ರೋಗಿಯ ಗುರುತು ಬಿಟ್ಟುಕೊಡದೆ ನಂಬಿಕೆಯ ಸಹೋದ್ಯೋಗಿಯೊಡನೆ ಹಂಚಿಕೊಳ್ಳುವುದು.
- ನಿದ್ರೆಗಾಗಿ ಅಥವಾ ನೋವಿಗಾಗಿ ಆಸ್ಪತ್ರೆಯ ಔಷಧಿಗಳನ್ನು ತಾನಾಗಿಯೇ ಸೇವಿಸದಿರುವುದು.

ಮನೆಯವರ ಪಾತ್ರವೂ ಮುಖ್ಯ. ರಾತ್ರಿ ಪಾಳಿಯ ಮರುದಿನ ಮನೆಗೆಲಸವನ್ನು ಉಳಿದವರು ಹಂಚಿಕೊಂಡರೆ ಮಾತ್ರ ಮೇಲಿನ ಸಲಹೆಗಳಲ್ಲಿ ಮೊದಲನೆಯದು ಸಾಧ್ಯವಾಗುತ್ತದೆ.

ವಾರ್ಡಿನ ಮಟ್ಟ

ಪಾಳಿ ಬದಲಾಗುವಾಗ ರೋಗಿಗಳ ವಿವರವನ್ನು ಕ್ರಮಬದ್ಧವಾಗಿ ಒಪ್ಪಿಸುವುದರಿಂದ 'ಏನಾದರೂ ಮರೆತೆನೇ' ಎಂಬ ಆತಂಕ ಮನೆಯವರೆಗೆ ಹಿಂಬಾಲಿಸುವುದು ಕಡಿಮೆಯಾಗುತ್ತದೆ. ಸಾವು ಅಥವಾ ಅವಘಡದ ನಂತರ ಹತ್ತು ನಿಮಿಷಗಳಾದರೂ ತಂಡವಾಗಿ ಕುಳಿತು ಮಾತನಾಡುವುದು, ಹೊಸಬರನ್ನು ಮೊದಲ ತಿಂಗಳುಗಳಲ್ಲಿ ಅನುಭವಿಗಳ ಜೊತೆಗೆ ನೇಮಿಸುವುದು, ತಪ್ಪನ್ನು ವರದಿ ಮಾಡಿದವರನ್ನು ಎಲ್ಲರೆದುರು ಬೈಯದೆ ತಪ್ಪಿನ ಕಾರಣವನ್ನು ಹುಡುಕುವುದು ಹಿರಿಯ ಶುಶ್ರೂಷಾಧಿಕಾರಿಗಳು ಹೆಚ್ಚು ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳು.

ಸಂಸ್ಥೆಯ ಮಟ್ಟ

ಖಾಲಿ ಹುದ್ದೆಗಳ ಭರ್ತಿ, ಪಾಳಿವಾರು ಅನುಪಾತದ ಪಾಲನೆ ಮತ್ತು ರಜೆಗೆ ಮೀಸಲು ಸಿಬ್ಬಂದಿ ಇಲ್ಲಿನ ಮುಖ್ಯ ಕ್ರಮಗಳು. ಪಾಳಿಗಳನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮುಂದುಮುಂದಿನ ಕ್ರಮದಲ್ಲಿ ಬದಲಿಸುವುದು ದೇಹಕ್ಕೆ ಹಿಮ್ಮುಖ ಕ್ರಮಕ್ಕಿಂತ ಸುಲಭ. ಪಾಳಿ ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸುವುದು, ವಿಶ್ರಾಂತಿ ಕೊಠಡಿ, ಬೀಗವಿರುವ ಉಡುಪು ಬದಲಿಸುವ ಕೋಣೆ, ರಾತ್ರಿ ಕಾವಲು ಮತ್ತು ಸಾರಿಗೆ ಒದಗಿಸುವುದು, ಗುಮಾಸ್ತರ ಕೆಲಸವನ್ನು ದಾದಿಯರಿಂದ ಬೇರ್ಪಡಿಸುವುದು ಇತರ ಕ್ರಮಗಳು. ವೈದ್ಯರ ವೃತ್ತಿಬಳಲಿಕೆಯನ್ನು ಕುರಿತ ಅಧ್ಯಯನಗಳ ಒಟ್ಟು ವಿಶ್ಲೇಷಣೆಯೊಂದು 2017ರಲ್ಲಿ ಪ್ರಕಟವಾಗಿದ್ದು, ವ್ಯಕ್ತಿಯನ್ನು ಬದಲಿಸಹೊರಟ ಕಾರ್ಯಕ್ರಮಗಳಿಗಿಂತ ಕೆಲಸದ ವ್ಯವಸ್ಥೆಯನ್ನು ಬದಲಿಸಿದ ಕ್ರಮಗಳು ಹೆಚ್ಚು ಪರಿಣಾಮಕಾರಿಯಾಗಿದ್ದುದನ್ನು ಅದು ತೋರಿಸಿತು.

ಕಾನೂನು ಮತ್ತು ನೀತಿ

ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ಹಾಗೂ ಆಸ್ಪತ್ರೆಗಳ ಆಸ್ತಿಹಾನಿಯನ್ನು ನಿಷೇಧಿಸುವ ಕರ್ನಾಟಕದ 2009ರ ಕಾಯ್ದೆಯು ದಾದಿಯರಿಗೂ ಅನ್ವಯಿಸುತ್ತದೆ. 2013ರ ಕೇಂದ್ರ ಕಾಯ್ದೆಯಂತೆ 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಬೇಕು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆಯು ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆಯನ್ನು, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು.

ಖಾಸಗಿ ಆಸ್ಪತ್ರೆಗಳ ದಾದಿಯರ ವೇತನದ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2016ರ ಜನವರಿಯಲ್ಲಿ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ತಜ್ಞರ ಸಮಿತಿಯನ್ನು ರಚಿಸಿತು. 200ಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ದಾದಿಯರಿಗೆ ಸಮನಾದ ವೇತನ, 50ಕ್ಕಿಂತ ಕಡಿಮೆ ಹಾಸಿಗೆಗಳಿರುವಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದು ಸಮಿತಿ ಶಿಫಾರಸು ಮಾಡಿತು.

ನೆರವು

ಟೆಲಿ-ಮಾನಸ್ ಎಂಬ ರಾಷ್ಟ್ರೀಯ ದೂರವಾಣಿ ಆಪ್ತಸಮಾಲೋಚನಾ ಸೇವೆಯು 2022ರ ಅಕ್ಟೋಬರ್ 10ರಂದು ಆರಂಭವಾಯಿತು. 14416 ಸಂಖ್ಯೆಗೆ ಹಗಲುರಾತ್ರಿ ಯಾವ ಸಮಯದಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಸಂಸ್ಥೆಗಳಲ್ಲಿ ಒಂದು. ಸಣ್ಣ ಊರಿನಲ್ಲಿ, ತಾನು ದುಡಿಯುವ ಆಸ್ಪತ್ರೆಯಲ್ಲಿಯೇ ಚಿಕಿತ್ಸೆ ಕೇಳಲು ಹಿಂಜರಿಯುವ ದಾದಿಗೆ ಇಂತಹ ಸೇವೆ ಅನುಕೂಲಕರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ಸೇವೆ ಲಭ್ಯವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಈ ಕಾರ್ಯಕ್ರಮಕ್ಕೆ ಮಾದರಿ. ಹಾವೇರಿ ಜಿಲ್ಲೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಸಮೀಪದ ವಿಶೇಷ ಚಿಕಿತ್ಸಾ ಕೇಂದ್ರಗಳಲ್ಲಿ ಒಂದಾಗಿದೆ.

ಇವನ್ನೂ ನೋಡಿ

- ಶುಶ್ರೂಷೆ
- ಫ್ಲಾರೆನ್ಸ್ ನೈಟಿಂಗೇಲ್
- ಖಿನ್ನತೆ
- ನಿಮ್ಹಾನ್ಸ್
- ಹಿರೇಕೆರೂರು